ಗುರುವಾರದ ಮುಕ್ಕಾಲು ಗಂಟೆ

ಬಾಂದುಂಗ್, 12 ಆಗಸ್ಟ್ 1991

ದೆಸ್ಮಿ,

ಊರಿನಿಂದ ಹಿಂತಿರುಗಿ ನಾಲ್ಕು ದಿನವಾಯಿತು, ಬಸ್ಸಿನ ಅಲುಗಾಟ ಇನ್ನೂ ಮೈಯಿಂದ ಇಳಿದಿಲ್ಲ. ಮಲಗಿದರೆ ಮಂಚವೇ ತಿರುವು ತೆಗೆದುಕೊಂಡಂತಾಗುತ್ತದೆ. ನೀನು ಡಬ್ಬಿಯಲ್ಲಿ ಕೊಟ್ಟ ರೆಂದಾಂಗ್ ಮಾಂಸ ಮೂರು ದಿನ ಬಂತು. ಕೊನೆಯ ದಿನ ನನ್ನ ಕೋಣೆಯ ಒಡತಿ ಬು ಎಂತಿನ್ ಡಬ್ಬಿಯ ತಳಕ್ಕೆ ಅನ್ನ ಸವರಿ ತಿಂದರು. ಯಾರು ಮಾಡಿದ್ದು ಎಂದು ಕೇಳಿದರು. ನಾನು ಡಬ್ಬಿ ತೊಳೆಯಲು ಎದ್ದೆ, ಅಷ್ಟರಿಂದಲೇ ಅವರಿಗೆ ಗೊತ್ತಾಗಿಹೋಯಿತು.

ಮದುವೆಯ ಮಾತು ಆಡಿ ಬಂದೆಯಾ ಎಂದು ಬೆನ್ನು ಹತ್ತಿದರು. ನಮ್ಮ ಪರಿಯಾಮಾನಿನಲ್ಲಿ ಗಂಡು ಬಾಯಿ ಬಿಡುವ ಹಾಗಿಲ್ಲ, ಹೆಣ್ಣಿನ ಸೋದರಮಾವ ವೀಳ್ಯ ಹಿಡಿದು ಗಂಡಿನ ತಾಯಿಯ ಮನೆಗೆ ಬಂದು ಕೇಳಬೇಕು, ಚಿನ್ನ ಕೊಟ್ಟು ಕರೆದುಕೊಂಡು ಹೋಗಬೇಕು ಎಂದೆ. ಅವರು ಇಲ್ಲಿಯ ಸುಂದಾ ಜನಾಂಗದವರು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

"ಹಂಗಾದ್ರೆ ನೀನು ತಲೆ ಬಾಚ್ಕೊಂಡು ಬಾಗಿಲಲ್ಲಿ ಕೂತಿರಪ್ಪ. ಯಾರಾದ್ರೂ ಬಂದು ಎತ್ಕೊಂಡು ಹೋಗ್ತಾರೆ."

ಕೂತಿದ್ದೇನೆ ದೆಸ್ಮಿ. ನಿನ್ನ ಸೋದರಮಾವ ಮಾಮಾಕ್ ಸಿರಾಜರ ಕಿವಿಗೆ ಯಾವಾಗ ಹಾಕುತ್ತೀಯೋ, ನಿನಗೆ ಬಿಟ್ಟದ್ದು. ಸಮುದ್ರದ ದಂಡೆಯಲ್ಲಿ ನೀನು ನನ್ನನ್ನು ಅಜೋ ಎಂದು ಕರೆದು ಹೂಂ ಎಂದದ್ದಷ್ಟೇ ಈಗ ನನ್ನ ಕೈಯಲ್ಲಿರುವುದು.

ಇನ್ನು ಒಂದು ಕೆಲಸ. ನಾನು ಓದುವ ನಿರ್ವಹಣಾ ವಿಜ್ಞಾನಕ್ಕೆ ಕೊನೆಯ ವರ್ಷ ಒಂದು ಪ್ರಬಂಧ ಬರೆಯಬೇಕು. ನಮ್ಮ ಮೇಷ್ಟ್ರು ಪಾಕ್ ಹರ್ಜೋನೋ, "ಪುಸ್ತಕದ ಸಾಲು ಸಾಕು, ನಿಜವಾದ ಜನ ನಿಂತಿರೋ ಸಾಲು ತಗೊಂಡು ಬಾ" ಎಂದರು. ನನಗೆ ಹೊಳೆದದ್ದು ನಿನ್ನ ಆಸ್ಪತ್ರೆಯ ಹೆಸರು ಬರೆಸುವ ಕಿಟಕಿ. ಗೆರೆ ಎಳೆದ ಪುಸ್ತಕ ಕಳಿಸುತ್ತಿದ್ದೇನೆ. ಪ್ರತಿಯೊಬ್ಬರೂ ಬಂದ ಹೊತ್ತು, ಕಿಟಕಿಗೆ ಕರೆದ ಹೊತ್ತು, ಹೋದ ಹೊತ್ತು, ಮೂರೇ ಅಂಕಣ. ಎರಡು ತಿಂಗಳು ಬರೆದರೆ ಸಾಕು.

ನೀನು ಹೇಳಿದಂತೆ ಮನೆಯ ವಿಳಾಸಕ್ಕೆ ಬರೆಯದೆ ಅಂಚೆ ಕಚೇರಿಯಲ್ಲೇ ಇಟ್ಟುಕೊಳ್ಳಲು ಬರೆದಿದ್ದೇನೆ. ಟೆಲಿಫೋನ್ ಅಂಗಡಿಗೆ ಕರೆ ಮಾಡಿದರೆ ಇಡೀ ಪೇಟೆಗೆ ಕಿವಿ ಬರುತ್ತದೆ.

ನಿನ್ನ ಇನಾಲ್


ಪರಿಯಾಮಾನ್, 29 ಆಗಸ್ಟ್ 1991

ಅಜೋ,

ಕಾಗದವೂ ಪುಸ್ತಕವೂ ಕೈಸೇರಿದವು. ಪುಸ್ತಕದ ಮೇಲೆ 'ಸಾಲಿನ ಅಧ್ಯಯನ' ಎಂದು ಅಷ್ಟು ದಪ್ಪಗೆ, ಕೆಳಗೆ ನನ್ನ ಹೆಸರು ಇರುವೆಯ ಹಾಗೆ ಬರೆದಿದ್ದೀರಿ. ನೋಡಿದೆ, ನೆನಪಿಟ್ಟುಕೊಂಡಿದ್ದೇನೆ.

ಯಾರದೋ ಸಂಗತಿ ಎನ್ನುವ ಹಾಗೆ ಅಮ್ಮನ ಹತ್ತಿರ ನಿಮ್ಮ ಓದಿನ ಮಾತು ತೆಗೆದೆ. ಮೀನು ಕೊಯ್ಯುತ್ತಿದ್ದವಳು ಕತ್ತಿ ನಿಲ್ಲಿಸಿ ಕೇಳಿದಳು:

"ಡಾಕ್ಟ್ರು ಓದಿದ್ರೆ ಸೂಜಿ ಚುಚ್ತಾರೆ, ಇಂಜಿನಿಯರ್ ಓದಿದ್ರೆ ಸೇತುವೆ ಕಟ್ತಾರೆ. ಇವನು ಓದಿ ಏನ್ ಮಾಡ್ತಾನೆ? ಜನ ನಿಂತಿರೋದನ್ನ ನೋಡ್ತಾನಾ?"

ಹೌದಮ್ಮ, ನೋಡಿ ಬೇಗ ಮನೆಗೆ ಕಳಿಸುತ್ತಾನೆ ಎಂದೆ. ಅಂಥವನು ಒಬ್ಬ ಮೀನಿನ ಪೇಟೆಗೂ ಬೇಕು ಎಂದಳು. ಒಳ್ಳೆಯ ಲಕ್ಷಣ ತಾನೇ?

ನಮ್ಮ ಸಾಲಿನ ಬಗ್ಗೆ ನಿಮಗೆ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಬೈಯಬೇಡಿ. ನಿಂತಿರುವುದು ಜನರಲ್ಲ, ಚಪ್ಪಲಿಗಳು. ಬಂದವರು ಚಪ್ಪಲಿಯನ್ನು ಸಾಲಿನಲ್ಲಿ ಬಿಟ್ಟು ಬಾದಾಮಿ ಮರದ ಕೆಳಗೆ ಕೂರುತ್ತಾರೆ. ಚಪ್ಪಲಿ ಬಂದ ಹೊತ್ತನ್ನು ಬರೆಯಲೋ, ಮನುಷ್ಯ ಬಂದ ಹೊತ್ತನ್ನು ಬರೆಯಲೋ? ನಾನು ಚಪ್ಪಲಿಯದನ್ನೇ ಬರೆಯುತ್ತೇನೆ. ಕಿಟಕಿಯ ಹತ್ತಿರ ಬಂದ ಮೇಲೂ "ನೀವು ಮೊದಲು", "ಛೆ, ನೀವು ಹಿರಿಯರು" ಎಂದು ಇಬ್ಬರೂ ಬಾಗಿಲಲ್ಲೇ ನಿಲ್ಲುತ್ತಾರೆ. ಅದಕ್ಕೆ ಒಂದು ಅಂಕಣ ಕೊಡಲು ಮರೆತಿದ್ದೀರಿ.

ಪಕ್ಕದ ಕಿಟಕಿಯ ಉನಿಯಾಂಗ್ ರೋಸ್‌ಗೆ ಮಾತ್ರ ವಿಷಯ ಗೊತ್ತು. ಅವಳು ಬಾಯಿ ಬಿಡುವವಳಲ್ಲ, ಬರೀ ನನ್ನನ್ನು ನೋಡಿ ಕೆಮ್ಮುತ್ತಾಳೆ.

ಸಂಜೆ ದಂಡೆಗೆ ಹೋಗುವುದನ್ನು ಬಿಟ್ಟಿದ್ದೇನೆ. ಒಬ್ಬಳೇ ಹೋದರೆ ಸಮುದ್ರ ಸುಮ್ಮನೆ ದೊಡ್ಡದಾಗಿ ಕಾಣುತ್ತದೆ.

ದೆಸ್ಮಿ


ಬಾಂದುಂಗ್, 6 ನವೆಂಬರ್ 1991

ದೆಸ್ಮಿ,

ಪುಸ್ತಕ ಬಂದು ಹನ್ನೆರಡು ದಿನವಾಯಿತು. ಉತ್ತರ ತಡವಾದದ್ದಕ್ಕೆ ಕಾರಣವಿದೆ. ಸಾಲುಗಳನ್ನು ಕರಗಿಸುವುದು ಹೇಗೆ ಎಂದು ಕಲಿಸುವ ನಮ್ಮ ವಿಭಾಗದಲ್ಲಿ ಇರುವುದು ಎರಡೇ ಕಂಪ್ಯೂಟರು, ಅವುಗಳ ಮುಂದೆ ಮೂವತ್ತು ಜನರ ಸಾಲು. ಒಬ್ಬರಿಗೂ ನಾಚಿಕೆಯಿಲ್ಲ.

ಎಷ್ಟು ಚೆಂದ ಬರೆದಿದ್ದೀಯ! ನಿನ್ನ ಏಳು ಒಂದರ ಹಾಗೆ ಕಾಣುತ್ತದೆ, ಅಷ್ಟು ಬಿಟ್ಟರೆ ಒಂದು ಚಿತ್ತಿಲ್ಲ. ಅಂಕಿಗಳನ್ನು ಒಳಗೆ ಹಾಕುವಾಗ ಪ್ರತಿ ಸಾಲಿನಲ್ಲೂ ನಿನ್ನ ಕೈ ಕಾಣುತ್ತಿತ್ತು. ಈ ಹನ್ನೆರಡು ದಿನ ನಿನ್ನ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದಂತೆಯೇ ಇತ್ತು.

ಒಂದು ಸೋಜಿಗ ಸಿಕ್ಕಿದೆ, ನೀನು ಅಲ್ಲೇ ಇದ್ದೂ ಗಮನಿಸಿರಲಾರೆ. ಪ್ರತಿ ಗುರುವಾರ ಒಂಬತ್ತೂವರೆಯಿಂದ ಹತ್ತೂಕಾಲಿನ ತನಕ ಒಬ್ಬರೂ ಬರುವುದಿಲ್ಲ. ಹತ್ತೂಕಾಲಿಗೆ ಹತ್ತು ಹನ್ನೊಂದು ಮಂದಿ ಒಟ್ಟಿಗೆ ಬರುತ್ತಾರೆ, ಐದೇ ನಿಮಿಷದಲ್ಲಿ ಎಲ್ಲರ ಕೆಲಸ ಮುಗಿಯುತ್ತದೆ. ಅದು ಸುಂಗೈ ಲಿಮಾವ್ ಬಸ್ಸು ಬರುವ ಹೊತ್ತಿರಬೇಕು, ಅಲ್ಲವೇ? ಪಾಕ್ ಹರ್ಜೋನೋ ಮೇಜು ಕುಟ್ಟಿದರು. ಹನ್ನೊಂದು ಜನರನ್ನು ಐದು ನಿಮಿಷದಲ್ಲಿ ಕಳಿಸಲು ಆಗುವುದಾದರೆ, ಚೀಟಿಗಳನ್ನು ಮೊದಲೇ ಜೋಡಿಸಿಟ್ಟುಕೊಂಡರೆ ಇಡೀ ವಾರವೂ ಹಾಗೆಯೇ ಕಳಿಸಬಹುದಲ್ಲ ಎಂದರು. ನನ್ನ ಪ್ರಬಂಧ ಅಲ್ಲಿಂದಲೇ ಎದ್ದು ನಿಂತಿತು.

ಹಿಂದಿನ ವರ್ಷ ಮುಗಿಸಿದವರಿಗೆಲ್ಲ ಕೆಲಸ ಸಿಕ್ಕಿದೆ. ಒಬ್ಬ ವಿಮಾನದ ಸಿಬ್ಬಂದಿ ಯಾವ ದಿನ ಎಲ್ಲಿ ಮಲಗಬೇಕು ಎಂದು ಪಟ್ಟಿ ಮಾಡುತ್ತಾನೆ. ಇನ್ನೊಬ್ಬ ಬಂದರಿನಲ್ಲಿ ಹಡಗುಗಳಿಗೆ ಜಾಗ ಹಂಚುತ್ತಾನೆ. ತುಂಬ ಜಾಣನಾಗಿದ್ದ ವಾವಾನ್ ಮಾತ್ರ ಅಪ್ಪನ ತೋಫು ಕಾರ್ಖಾನೆಗೆ ಮರಳಿದ, ಈಗ ಅಲ್ಲಿ ಸೋಯಾ ಒಂದು ಕಾಳೂ ಹಾಳಾಗುವುದಿಲ್ಲವಂತೆ. ನಾನು ಏನಾಗುತ್ತೇನೋ ಗೊತ್ತಿಲ್ಲ. ಯಾರವನಾಗುತ್ತೇನೆ ಎನ್ನುವುದು ಮೊದಲು ಗೊತ್ತಾದರೆ ಸಾಕು.

ಮಾಮಾಕ್ ಏನಾದರೂ ಅಂದರಾ?

ಇನಾಲ್


ಪರಿಯಾಮಾನ್, 21 ನವೆಂಬರ್ 1991

ಅಜೋ,

ಸುಂಗೈ ಲಿಮಾವ್ ಬಸ್ಸಂತೆ! ನಿಮ್ಮ ಕಾಗದವನ್ನು ಓದಿ ನಕ್ಕೆ. ಉನಿಯಾಂಗ್ ರೋಸ್‌ಗೆ ಆ ಸಾಲು ಓದಿ ಹೇಳಿದರೆ ಅವಳ ಕೆಮ್ಮು ಕಿಟಕಿಯ ಆಚೆಗೂ ಕೇಳಿಸಿತು. ಇರಲಿ ಬಿಡಿ. ದೊಡ್ಡ ಮೇಷ್ಟ್ರೇ ಮೇಜು ಕುಟ್ಟಿದ ಮೇಲೆ ನಾನೇನು ಹೇಳಲಿ.

ಈಗ ಕೂತುಕೊಂಡು ಓದಿ. ಮಾಮಾಕ್‌ಗೆ ಹೇಳಿದೆ. ಕಾಫಿ ಲೋಟ ಕೆಳಗಿಟ್ಟು ಬಹಳ ಹೊತ್ತು ಮೀಸೆ ಸವರಿಕೊಂಡರು.

"ಹುಡುಗ ಓದು ಮುಗಿಸ್ಲಿ. ನಿನಗೂ ಆಸ್ಪತ್ರೆ ಕೆಲಸ ಅಂತ ಒಂದಿದೆ, ತಲೆ ಎತ್ಕೊಂಡು ಹೋಗಬಹುದು. ಉಪವಾಸ ಮುಗಿದು ಲೆಬಾರಾನ್ ಹಬ್ಬ ಆದ್ಮೇಲೆ ಅವರ ಮನೆ ಮೆಟ್ಟಿಲು ಹತ್ತೋಣ."

ಹಾಗೇ ಅಂದರು. ಒಂದು ಅಕ್ಷರ ನಾನು ಸೇರಿಸಿಲ್ಲ. ನಿನ್ನೆಯಿಂದ ಕೈಗೆ ಸಿಕ್ಕಿದ್ದನ್ನೆಲ್ಲ ಬೀಳಿಸುತ್ತಿದ್ದೇನೆ. ಹಬ್ಬಕ್ಕೆ ಇನ್ನೂ ಎಷ್ಟು ದಿನ ಎಂದು ಲೆಕ್ಕ ಹಾಕಿ, ಹಾಕಬಾರದಿತ್ತು ಎಂದುಕೊಂಡೆ.

ದೆಸ್ಮಿ


ಬಾಂದುಂಗ್, 3 ಮಾರ್ಚ್ 1992

ದೆಸ್ಮಿ,

ಪಾಸಾದೆ! ಮೂವರು ಮೇಷ್ಟ್ರು ಎರಡು ಗಂಟೆ ಪ್ರಶ್ನೆ ಕೇಳಿದರು. ಕೊನೆಗೆ ಪಾಕ್ ಹರ್ಜೋನೋ ಎದ್ದು ಕೈ ಕುಲುಕಿ, ಇಷ್ಟು ಶುದ್ಧವಾದ ಅಂಕಿಗಳನ್ನು ತಾನು ಇಪ್ಪತ್ತು ವರ್ಷದಲ್ಲಿ ನೋಡಿಲ್ಲ, ಬರೆದವರು ಯಾರು ಎಂದು ಕೇಳಿದರು. ಕಿವಿ ಬಿಸಿಯಾಯಿತು. ಒಬ್ಬ ಪರಿಚಯದವರು ಎಂದೆ. ಪರಿಚಯದವರು! ಹೊರಗೆ ಬಂದು ನನಗೆ ನಾನೇ ಬೈದುಕೊಂಡೆ.

ನಿನಗೆ ಅಚ್ಚರಿಯಾಗಲಿ ಎಂದು ಒಂದು ಕೆಲಸ ಮಾಡಿದ್ದೇನೆ. ಪ್ರಬಂಧಕ್ಕೆ ಒಳ್ಳೆಯ ರಟ್ಟು ಹಾಕಿಸಿ ಒಂದು ಪ್ರತಿಯನ್ನು ನಿಮ್ಮ ಆಸ್ಪತ್ರೆಯ ದೊಡ್ಡ ಡಾಕ್ಟರಿಗೆ ಕಳಿಸಿದ್ದೇನೆ. ಧನ್ಯವಾದದ ಪುಟದಲ್ಲಿ ನಿನ್ನ ಪೂರ್ತಿ ಹೆಸರಿದೆ, ದೆಸ್ಮಿಯಾರ್ತಿ ಎಂದು, ಈ ಸಲ ದಪ್ಪ ಅಕ್ಷರದಲ್ಲಿ. ಊರಿನ ಆಸ್ಪತ್ರೆಗೆ ಊರಿನ ಹುಡುಗನ ಓದು ಉಪಯೋಗಕ್ಕೆ ಬಂದರೆ ಮಾಮಾಕ್ ಸಿರಾಜರೂ ಎದೆಯುಬ್ಬಿಸಿ ಮೆಟ್ಟಿಲು ಹತ್ತಬಹುದು.

ಹಬ್ಬಕ್ಕೆ ನಾನು ಬರುವುದಿಲ್ಲ. ಕೇಳಲು ಬರುವವರಿಗೆ ಗಂಡು ಮನೆಯ ಮುಂದೆಯೇ ಸುಳಿದಾಡುತ್ತಿರುವುದು ಕಾಣಬಾರದಲ್ಲ. ಇಲ್ಲಿಯೇ ಇದ್ದು ಕೆಲಸ ಹುಡುಕುತ್ತೇನೆ. ಅಮ್ಮನ ಕಾಗದ ಬಂದ ದಿನ ಬು ಎಂತಿನ್‌ಗೆ ಸಿಹಿ ಕೊಡಿಸುತ್ತೇನೆಂದು ಮಾತು ಕೊಟ್ಟಿದ್ದೇನೆ.

ನಿನ್ನವನೇ ಇನಾಲ್


ಬಾಂದುಂಗ್, 20 ಮೇ 1992

ದೆಸ್ಮಿ,

ಹಬ್ಬ ಮುಗಿದು ಆರು ವಾರ. ಅಮ್ಮನ ಎರಡು ಕಾಗದ ಬಂದವು. ಒಂದರಲ್ಲಿ ಕೋಳಿಗಳಿಗೆ ರೋಗ ಬಂದ ಸುದ್ದಿ, ಇನ್ನೊಂದರಲ್ಲಿ ಮಾಡು ಸೋರುವ ಸುದ್ದಿ. ಮನೆಗೆ ಯಾರಾದರೂ ಬಂದಿದ್ದರೇ ಎಂದು ನಾನು ಕೇಳುವ ಹಾಗಿಲ್ಲ, ಕೇಳಿದರೆ ಮಾನ ಹೋಗುತ್ತದೆ. ನೆಂಟರು ಯಾರಾದರೂ ಹಬ್ಬಕ್ಕೆ ಬಂದಿದ್ದರೇ ಎಂದು ಸುತ್ತಿ ಬಳಸಿ ಕೇಳಿದೆ. ಈ ವರ್ಷ ಒಬ್ಬರೂ ಬರಲಿಲ್ಲ ಎಂದು ಬರೆದಿದ್ದಾಳೆ.

ನಿನಗೆ ನಾಲ್ಕು ಕಾಗದ ಹಾಕಿದ್ದೇನೆ, ಒಂದಕ್ಕೂ ಉತ್ತರವಿಲ್ಲ. ಮೈಯಲ್ಲಿ ಹುಷಾರಿಲ್ಲವೇ? ಎರಡು ಸಾಲು ಬರೆ. ಬೇಡ, ಒಂದೇ ಸಾಲು ಸಾಕು.

ಇಲ್ಲಿಯ ಬಟ್ಟೆ ಗಿರಣಿಯೊಂದರಲ್ಲಿ ಕೆಲಸ ಸಿಕ್ಕಿದೆ. ಯಾವ ಮಗ್ಗದಲ್ಲಿ ಯಾವ ದಿನ ಏನು ನೇಯಬೇಕು ಎಂದು ಯೋಜನೆ ಹಾಕುವುದು. ಈ ಸುದ್ದಿಯನ್ನು ಮೊದಲು ನಿನಗೆ ಹೇಳಬೇಕೆಂದು ಒಂದು ವಾರ ಬು ಎಂತಿನ್‌ಗೂ ಹೇಳದೆ ಇಟ್ಟುಕೊಂಡಿದ್ದೆ.

ಇನಾಲ್


ಸುಂಗೈ ಗೆರಿಂಗಿಂಗ್, 13 ಜೂನ್ 1992

ಅಜೋ,

ನಿಮ್ಮ ಐದೂ ಕಾಗದಗಳು ಒಟ್ಟಿಗೆ ಸಿಕ್ಕವು. ನಾನೀಗ ಗುಡ್ಡದ ಮೇಲಿನ ಈ ಊರಿನ ಉಪಕೇಂದ್ರದಲ್ಲಿದ್ದೇನೆ. ಕೆಳಗೆ ಪರಿಯಾಮಾನಿಗೆ ಇಳಿಯುವುದು ತಿಂಗಳಿಗೊಮ್ಮೆ, ಆದ್ದರಿಂದ ತಡವಾಯಿತು. ಹವಾ ಬದಲಾವಣೆ ಒಳ್ಳೆಯದೇ. ಇಲ್ಲಿ ಜನ ಕಡಿಮೆ.

ಪದವಿ ಬಂದದ್ದಕ್ಕೂ ಕೆಲಸ ಸಿಕ್ಕಿದ್ದಕ್ಕೂ ಸಂತೋಷ. ನಿಮ್ಮ ಪುಸ್ತಕವನ್ನು ದೊಡ್ಡ ಡಾಕ್ಟರು ಎಲ್ಲರಿಗೂ ತೋರಿಸಿದರು. ಚೆನ್ನಾಗಿದೆ.

ಮಾಮಾಕ್‌ಗೆ ಮಂಡಿ ನೋವು. ಮೆಟ್ಟಿಲು ಹತ್ತಲು ಸದ್ಯ ಆಗುವುದಿಲ್ಲ. ಆರೋಗ್ಯ ನೋಡಿಕೊಳ್ಳಿ.

ದೆಸ್ಮಿ


ಬಾಂದುಂಗ್, 11 ನವೆಂಬರ್ 1992

ದೆಸ್ಮಿಯಾರ್ತಿಗೆ,

ಮಾಮಾಕ್ ಅವರ ಮಂಡಿ ಈಗ ವಾಸಿಯಾಗಿರಬಹುದು ಎಂದುಕೊಳ್ಳುತ್ತೇನೆ. ಐದು ತಿಂಗಳಾಯಿತು.

ನಾನು ಚೆನ್ನಾಗಿದ್ದೇನೆ. ಗಿರಣಿಯವರಿಗೆ ನನ್ನ ಕೆಲಸ ಹಿಡಿಸಿದೆ, ಅರವತ್ತು ಮಗ್ಗಗಳಲ್ಲಿ ಈಗ ಒಂದೂ ಸುಮ್ಮನೆ ನಿಲ್ಲುವುದಿಲ್ಲ. ನಾನು ಮಾತ್ರ ನಿಲ್ಲುತ್ತೇನೆ, ಕಿಟಕಿಯ ಹತ್ತಿರ, ಊಟದ ಬಿಡುವಿನಲ್ಲಿ. ಅದನ್ನು ಯಾರೂ ಲೆಕ್ಕ ಹಿಡಿದಿಲ್ಲ.

ಜಕಾರ್ತಾದಲ್ಲಿ ನೆಲೆಸಿದ ನಮ್ಮೂರಿನ ಒಂದು ಕುಟುಂಬ ಅಮ್ಮನ ಹತ್ತಿರ ನನ್ನ ವಿಚಾರ ಕೇಳಿದೆಯಂತೆ. ಅಮ್ಮ ಬರೆದಿದ್ದಳು. ನಾನು ಏನೂ ಬರೆಯಲಿಲ್ಲ. ನಿನಗೆ ತಿಳಿದಿರಲಿ ಎಂದು ಹೇಳಿದೆ.

ಶಫ್ರಿನಾಲ್


ಬಾಂದುಂಗ್, 19 ಜನವರಿ 1993

ದೆಸ್ಮಿ,

ಈ ಕಾಗದವನ್ನು ಮೂರು ಸಲ ಹರಿದು ಹಾಕಿದ್ದೇನೆ. ಇದು ನಾಲ್ಕನೆಯದು, ಹೇಗಿದೆಯೋ ಹಾಗೇ ಕಳಿಸುತ್ತೇನೆ.

ನಮ್ಮ ಗಿರಣಿಯ ಬಾಗಿಲಲ್ಲಿ ನೆನೆಂಗ್ ಎಂಬ ಹುಡುಗಿ ಹೊರಗೆ ಹೋಗುವ ಬಟ್ಟೆಯ ಸುರುಳಿಗಳನ್ನು ಬರೆದುಕೊಳ್ಳುತ್ತಾಳೆ. ಕಳೆದ ವಾರ ಅವಳ ಪಟ್ಟಿ ನೋಡುತ್ತಿದ್ದೆ. ಮಧ್ಯಾಹ್ನ ನಲವತ್ತು ನಿಮಿಷ ಏನೂ ಇಲ್ಲ, ಆಮೇಲೆ ಒಂದೇ ನಿಮಿಷದಲ್ಲಿ ಹದಿನಾಲ್ಕು ಸುರುಳಿ. ಇದೇನಮ್ಮ ಎಂದೆ. ಅವಳ ಮುಖ ಬಿಳುಪೇರಿತು. ಬೇಲಿಯ ಹತ್ತಿರ ತನ್ನ ಕೂಸಿಗೆ ಹಾಲು ಕುಡಿಸಲು ಹೋಗಿದ್ದಳಂತೆ, ಬಂದು ಎಲ್ಲವನ್ನೂ ಒಟ್ಟಿಗೆ ಬರೆದಳಂತೆ. ಬೈಯಲಿಲ್ಲ. ಆದರೆ ಇದೇ ರೀತಿಯ ಪುಟವನ್ನು ನಾನು ಮೊದಲೂ ನೋಡಿದ್ದೆ.

ಕೋಣೆಗೆ ಬಂದು ನಿನ್ನ ಪುಸ್ತಕ ತೆಗೆದೆ. ಎಂಟು ಗುರುವಾರ. ಎಂಟರಲ್ಲೂ ಹತ್ತೂಕಾಲಿಗೆ ಬರೆದ ಸಾಲುಗಳೆಲ್ಲ ಒಂದೇ ಉಸಿರಿನಲ್ಲಿ ಬರೆದವು, ಶಾಯಿಯೂ ಒಂದೇ ಬಗೆ. ಬಸ್ಸೂ ಇಲ್ಲ, ಮಣ್ಣೂ ಇಲ್ಲ. ಆ ಮುಕ್ಕಾಲು ಗಂಟೆ ಜನ ಬಾರದೆ ಇರಲಿಲ್ಲ, ನೀನು ಕುರ್ಚಿಯಲ್ಲಿರಲಿಲ್ಲ. ಪರಿಣತರ ಮುಂದೆ ನಿಂತು ಎರಡು ಗಂಟೆ ಸಮರ್ಥಿಸಿದ ನನಗೆ ಇಷ್ಟು ಕಾಣಲಿಲ್ಲ.

ಎಲ್ಲಿ ಹೋಗುತ್ತಿದ್ದೆ? ಯಾರನ್ನು ನೋಡಲು? ರೋಸ್‌ಗೂ ಗೊತ್ತಿತ್ತು, ಅದಕ್ಕೇ ಅವಳ ಕೆಮ್ಮು. ನಕ್ಕೆ ಎಂದು ಬರೆದಿದ್ದೆಯಲ್ಲ, ಯಾರ ಮೇಲೆ ನಕ್ಕದ್ದು ಎಂದು ಈಗ ತಿಳಿಯಿತು. ಮಾಮಾಕ್ ಮೆಟ್ಟಿಲು ಹತ್ತದಿದ್ದುದಕ್ಕೆ ಮಂಡಿ ಕಾರಣವಲ್ಲ ಎನ್ನುವುದೂ ತಿಳಿಯಿತು.

ಕೇಳುವ ಹಕ್ಕು ನನಗಿದೆಯೋ ಇಲ್ಲವೋ. ಆದರೆ ದಿನ ಹತ್ತಿರ ಬಂದಿದೆ. ಆ ಜಕಾರ್ತಾದ ಮನೆಯ ಮಾವಂದಿರು ಉಪವಾಸದ ತಿಂಗಳು ಶುರುವಾಗುವ ಮೊದಲು, ಫೆಬ್ರವರಿ 21ರ ಭಾನುವಾರ, ವೀಳ್ಯ ಹಿಡಿದು ಅಮ್ಮನ ಮನೆಗೆ ಬರುತ್ತಾರೆ. ನಿಮ್ಮ ಕಡೆಯಿಂದ ಯಾರೂ ಬರದಿದ್ದರೆ ಅವರಿಗೆ ಬೇಡ ಎನ್ನಲು ನನ್ನ ಬಾಯಲ್ಲಿ ಕಾರಣವಿಲ್ಲ. ನೀನೊಂದು ಕಾರಣ ಕೊಡು. ಸುಳ್ಳಾದರೂ ಕೊಡು ಎಂದು ಬರೆಯುವಷ್ಟು ಕೆಳಗಿಳಿದಿದ್ದೇನೆ ನೋಡು.

ಇನಾಲ್


ಪರಿಯಾಮಾನ್, 4 ಫೆಬ್ರವರಿ 1993

ಅಜೋ,

ನಿಮ್ಮ ಕಾಗದ ಓದಿ ಮೊದಲು ಅತ್ತೆ, ಆಮೇಲೆ ನಿಮ್ಮನ್ನು ಬಾಯಿಗೆ ಬಂದಂತೆ ಬೈದೆ. ಅಮ್ಮ ಅಡುಗೆ ಮನೆಯಿಂದ ಯಾರ ಜೊತೆ ಜಗಳ ಎಂದು ಕೇಳಿದಳು.

ಎಂಟು ಗುರುವಾರವೂ ನಾನು ಹೋಗಿದ್ದು ಅಂಚೆ ಕಚೇರಿಗೆ. ನಿಮ್ಮ ಜಾವಾ ದ್ವೀಪದ ಟಪಾಲು ಬಿಚ್ಚುವುದು ಗುರುವಾರ ಒಂಬತ್ತೂವರೆಗೆ. ರೋಸ್‌ಗೆ ಎರಡೂ ಕಿಟಕಿ ಒಪ್ಪಿಸಿ ಓಡುತ್ತಿದ್ದೆ, ಗುಮಾಸ್ತ ಮೂಟೆ ಸುರಿದು ಒಂದೊಂದಾಗಿ ವಿಂಗಡಿಸುವ ತನಕ ನಿಂತಿರುತ್ತಿದ್ದೆ. ಮೂರು ಸಲ ನಿಮ್ಮ ಕಾಗದವಿತ್ತು. ಐದು ಸಲ ಬರಿಗೈಯಲ್ಲಿ ಬಂದೆ. ಬಂದು, ರೋಸ್ ಅಷ್ಟು ಹೊತ್ತಿಗೆ ನೋಡಿ ಮುಗಿಸಿದ್ದ ಜನರನ್ನೆಲ್ಲ ಒಟ್ಟಿಗೆ ಬರೆದೆ. ಅದಕ್ಕೇ ನಿಮಗೆ ಐದು ನಿಮಿಷಕ್ಕೆ ಹನ್ನೊಂದು ಜನ ಕಂಡದ್ದು. ಬಸ್ಸು ಎಂದು ನೀವು ಬರೆದಾಗ, ನಿಮ್ಮ ಕಾಗದಕ್ಕೆ ಕಾಯುತ್ತಿದ್ದೆ ಎನ್ನಲು ನನಗೆ ನಾಚಿಕೆಯಾಯಿತು. ಅಷ್ಟು ಕಾಯುವವಳು ಎಂದು ನಿಮಗೆ ಗೊತ್ತಾಗುವುದು ಬೇಡವಾಗಿತ್ತು. ಆ ತಪ್ಪು ನನ್ನದು, ಒಪ್ಪಿಕೊಂಡೆ.

ಉಳಿದದ್ದನ್ನೂ ಕೇಳಿ. ನಿಮ್ಮ ಪುಸ್ತಕದ ಮೊದಲನೆಯ ಪುಟದಲ್ಲಿ ದೆಸ್ಮಿಯಾರ್ತಿಗೆ ಧನ್ಯವಾದ ಎಂದಿದೆ. ಅರವತ್ತೊಂದನೆಯ ಪುಟದಲ್ಲಿ, ಒಂದು ಕಿಟಕಿ ಸಾಕು, ಎರಡನೆಯ ಕುರ್ಚಿ ಅನಗತ್ಯ ಎಂದಿದೆ. ಆ ಕುರ್ಚಿ ನನ್ನದು. ರೋಸ್ ಕಾಯಂ, ನಾನಲ್ಲ. ದೊಡ್ಡ ಡಾಕ್ಟರು ಓದಿ ಬಹಳ ಮೆಚ್ಚಿದರು, ಮುಂದಿನ ತಿಂಗಳೇ ನನ್ನನ್ನು ಗುಡ್ಡಕ್ಕೆ ಕಳಿಸಿದರು. ಡಿಸೆಂಬರಿನಲ್ಲಿ ಅದೂ ಮುಗಿಯಿತು. ಈಗ ದಂಡೆಯಲ್ಲಿ ಅಮ್ಮನ ಜೊತೆ ಕರಿದ ತಿಂಡಿ ಮಾರುತ್ತೇನೆ. ನನ್ನ ಹತ್ತಿರವೂ ಸಾಲು ನಿಲ್ಲುತ್ತದೆ, ನೋಡಲು ಬನ್ನಿ.

ಮಾಮಾಕ್ ಮಂಡಿಗೆ ಏನೂ ಆಗಿಲ್ಲ. ಆಸ್ಪತ್ರೆಯ ಆ ಕುರ್ಚಿ ಹೋದ ದಿನವೇ ಅವರು ಹೇಳಿದ್ದು ಇಷ್ಟು:

"ಪದವಿ ಪಡೆದ ಗಂಡನ್ನ ಕೇಳೋಕೆ ಈಗ ಯಾವ ಮುಖ ಇಟ್ಕೊಂಡು ಹೋಗ್ಲಿ? ಬಾಗಿಲಲ್ಲೇ ನಗ್ತಾರೆ. ಮರೆತುಬಿಡು ಮಗಳೇ."

ಇದನ್ನು ನಿಮಗೆ ಹೇಗೆ ಬರೆಯಲಿ? ನಿಮ್ಮ ಓದೇ ನಮ್ಮನ್ನು ಅಗಲಿಸಿತು ಎಂದು ಬರೆದರೆ ನೀವು ಆ ಪುಸ್ತಕವನ್ನು ಇನ್ನೊಮ್ಮೆ ಮುಟ್ಟುತ್ತಿರಲಿಲ್ಲ. ನಾಲ್ಕು ವರ್ಷ ಅನ್ನ ನೀರು ಬಿಟ್ಟು ಓದಿದ್ದು. ಅದಕ್ಕೇ ಹವಾ ಬದಲಾವಣೆ ಎಂದೆ. ನೀವು ನಂಬಿದಿರಿ! ಒಂದು ಬಸ್ಸು ಹತ್ತಿ ಬಂದು ಏನಾಯಿತು ದೆಸ್ಮಿ ಎಂದು ಕೇಳಲಿಲ್ಲ. ಗಂಡು ಕೇಳಬಾರದು, ಗಂಡು ಬರಬಾರದು, ಸರಿ. ನೀವು ಕರೆಯಲು ಬರಲಿ ಎಂದು ಕುಳಿತಿರಿ, ನಾನು ಮಾಮಾಕ್ ಏಳಲಿ ಎಂದು ಕುಳಿತೆ.

ನಿನ್ನೆ ಎಲ್ಲವನ್ನೂ ಅಮ್ಮನಿಗೆ ಹೇಳಿದೆ. ಒಲೆಯ ಮುಂದೆ ಕುಳಿತು ಕೇಳಿದಳು. ಆಮೇಲೆ ಬೆಂಕಿ ಆರಿಸಿ ಎದ್ದಳು.

"ಮನೆ ನನ್ನದು, ಮಗಳು ನನ್ನವಳು. ತಮ್ಮನ ಹತ್ರ ನಾನು ಮಾತಾಡ್ತೀನಿ. ನೀನು ಹೋಗಿ ಕರ್ಕೊಂಡು ಬಾ."

ಅಜೋ, ನಾನು ಬರುತ್ತಿದ್ದೇನೆ. ಹೆಣ್ಣೇ ಒಬ್ಬಳು ಗಂಡನ್ನು ಕರೆಯಲು ಹೊರಟದ್ದನ್ನು ಈ ಊರು ಇನ್ನು ನಾಲ್ಕು ತಲೆಮಾರು ಆಡಿಕೊಳ್ಳಲಿ. 17ರ ಬುಧವಾರ ಪಡಾಂಗಿನಿಂದ ಬಾಂದುಂಗಿನ ಬಸ್ಸು ಹತ್ತುತ್ತೇನೆ. ಎರಡು ದಿನವೋ, ಮೂರು ದಿನವೋ, ಬಸ್ಸನ್ನು ಹೊತ್ತು ಜಾವಾಕ್ಕೆ ದಾಟಿಸುವ ದೋಣಿ ಹೇಗೋ ಹಾಗೆ. ಚಿನ್ನ ಇಲ್ಲ. ವೀಳ್ಯದೆಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತರುತ್ತೇನೆ, ಬಾಡದಿದ್ದರೆ ನಮ್ಮ ಪುಣ್ಯ.

ಬರುವ ಮನಸ್ಸಿದ್ದರೆ ನಿಲ್ದಾಣದಲ್ಲಿ ನಿಂತಿರಿ. ಇಲ್ಲದಿದ್ದರೆ ನಿಲ್ಲಬೇಡಿ, ಸುಮ್ಮನೆ ನೋಡಿ ಹೋಗಲು ಅಂತೂ ಬರಲೇಬೇಡಿ. ನಾನು ಒಂದು ಊಟ ಮಾಡಿ ಅದೇ ಬಸ್ಸಿಗೆ ಹಿಂದಿರುಗುತ್ತೇನೆ. ಮತ್ತೆ ಬರೆಯುವುದಿಲ್ಲ.

ದೆಸ್ಮಿ


ಬಾಂದುಂಗ್ ಬಸ್ ನಿಲ್ದಾಣ, 20 ಫೆಬ್ರವರಿ 1993, ಶನಿವಾರ

ದೆಸ್ಮಿ,

ನಿನ್ನೆ ಬೆಳಗಿನಿಂದ ಇಲ್ಲಿದ್ದೇನೆ. ಕೈ ಸುಮ್ಮನಿರಲಾರದೆ ಬರೆಯುತ್ತಿದ್ದೇನೆ, ಇಷ್ಟು ದಿನ ನಿನಗೆ ಬರೆದೇ ಅಭ್ಯಾಸ.

ನಿನ್ನ ಕಾಗದ ಬಂದದ್ದು 15ಕ್ಕೆ. ಓದಿ ಮುಗಿಸಿ ನೆಲದ ಮೇಲೆಯೇ ಕುಳಿತೆ. ಬು ಎಂತಿನ್ ಹೆದರಿ ನೀರು ತಂದರು. ಐದು ಸಲ ಬರಿಗೈಯಲ್ಲಿ ಬಂದೆ ಎಂದು ಬರೆದಿದ್ದೀಯ. ಆ ಐದು ವಾರ ನಾನು ಏನು ಮಾಡುತ್ತಿದ್ದೆ ಎಂದು ಯೋಚಿಸಿದೆ. ಪರೀಕ್ಷೆ ಇತ್ತು, ಚೆಂಡಾಟ ಇತ್ತು, ನಾಳೆ ಬರೆದರಾಯಿತು ಎಂದಿತ್ತು. ನನ್ನನ್ನು ಕ್ಷಮಿಸಬೇಡ, ಬೈಯಿ, ಎದುರಿಗೆ ನಿಂತು ಬೈಯಿ.

ಪಾಕ್ ಹರ್ಜೋನೋ ಅವರ ಬಳಿ ಹೋಗಿ ಎಲ್ಲವನ್ನೂ ಹೇಳಿದೆ. ಗುರುವಾರಗಳನ್ನು ತೆಗೆದು ಹಾಕಿ ಮತ್ತೆ ಲೆಕ್ಕ ಮಾಡಿದೆವು. ಒಂದು ಕಿಟಕಿ ಸಾಲದು. ಎರಡು ಇದ್ದರೂ ಕಷ್ಟವೇ. ನಾನು ತಪ್ಪಿದೆ ಎಂದು ದೊಡ್ಡ ಡಾಕ್ಟರಿಗೆ ಹೊಸ ಲೆಕ್ಕದ ಜೊತೆ ಬರೆದು ಹಾಕಿದ್ದೇನೆ. ಅವರು ಏನು ಮಾಡುತ್ತಾರೋ ಗೊತ್ತಿಲ್ಲ. ಮೇಷ್ಟ್ರು, ಆ ಹುಡುಗಿ ಬರುವ ದಿನ ರಜೆ ಹಾಕು ಎಂದಷ್ಟೇ ಹೇಳಿದರು.

ಬೇಡ ಎನ್ನು ಎಂದು ಅಮ್ಮನಿಗೆ ತಂತಿ ಕಳಿಸಿದೆ. ನಿನ್ನೆ ಬಂದ ಉತ್ತರವನ್ನು ಬು ಎಂತಿನ್ ಇಲ್ಲಿಗೇ ತಂದುಕೊಟ್ಟರು: "ನಾಳಿದ್ದು ಬರುವವರಿಗೆ ಏನು ಹೇಳಲಿ? ನಿನ್ನನ್ನು ಕರೆಯಲು ಬಂದವರು ಯಾರು?" ಅದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ. ಬೆಳಗ್ಗೆ ತಂತಿ ಕಚೇರಿಯ ಬಾಗಿಲ ತನಕ ಹೋಗಿ ತಿರುಗಿ ಬಂದೆ. ನಿನ್ನ ಹೆಸರನ್ನು ನೀನು ಬಂದ ಮೇಲೆ ಬರೆಯಬೇಕು ಎಂದು.

ಪಡಾಂಗಿನ ಎರಡು ಬಸ್ಸು ಬಂದು ಹೋದವು. ಎರಡರಲ್ಲೂ ಕೊನೆಯವರು ಇಳಿಯುವ ತನಕ ನಿಂತು ನೋಡಿದೆ, ಆಮೇಲೆ ಒಳಗೂ ಹತ್ತಿ ನೋಡಿದೆ. ಕ್ಲೀನರ್ ಏನು ಕಳೆದುಕೊಂಡಿರಿ ಎಂದ. ದೋಣಿ ದಾಟುವಲ್ಲಿ ಗಾಳಿ ಜೋರು, ಹಿಂದಿನ ಬಸ್ಸುಗಳು ದಡದಲ್ಲೇ ಉಳಿದಿವೆ ಎಂದೂ ಹೇಳಿದ. ಎಷ್ಟು ಎಂದು ಅವನಿಗೆ ತಿಳಿಯದು.

ನಮ್ಮ ಓದಿನಲ್ಲಿ ಒಂದು ಪಾಠವಿದೆ. ಹೊತ್ತು ಗೊತ್ತಿಲ್ಲದ ಬಸ್ಸಿಗೆ ಕಾಯುವವನು ಎರಡು ಗಂಟೆ ಕಾದಿದ್ದರೂ ಎರಡು ದಿನ ಕಾದಿದ್ದರೂ, ಅವನ ಮುಂದೆ ಉಳಿದಿರುವ ಕಾಯುವಿಕೆ ಮೊದಲಿನಷ್ಟೇ. ಇಷ್ಟು ಕಾದೆನಲ್ಲ, ಇನ್ನೇನು ಬರುತ್ತದೆ ಎನ್ನುವುದು ಬರೀ ಆಸೆ. ಕಿರಿಯ ಹುಡುಗರಿಗೆ ಇದನ್ನು ನಗುತ್ತಾ ಹೇಳಿಕೊಟ್ಟಿದ್ದೆ. ಅದು ಲೆಕ್ಕಕ್ಕೆ ನಿಜವಿರಬಹುದು. ನನಗೆ ಈಗ ಒಂದೊಂದು ಗಂಟೆಗೂ ನೀನು ಹತ್ತಿರವಾಗುತ್ತಿದ್ದೀಯ. ನೀನು ಒಂದೂವರೆ ವರ್ಷ ಹೀಗೆ ನಿಂತಿದ್ದೆಯಲ್ಲ, ಹೇಗೆ ನಿಂತೆ?

ನೀನು ಬಂದಿಳಿದರೆ ನಿನ್ನ ಹಿಂದೆ ಬರುತ್ತೇನೆ, ಗುಡ್ಡಕ್ಕೋ, ದಂಡೆಗೋ. ಗಿರಣಿಯವರಿಗೆ ಹೇಳಿದ್ದೇನೆ. ಊರಿನಲ್ಲಿ ನನ್ನ ಓದಿಗೆ ತಕ್ಕ ಕೆಲಸ ಸಿಗದಿದ್ದರೆ ಬೇರೆ ಕೆಲಸ ಮಾಡುತ್ತೇನೆ, ಕೈ ಕಾಲು ಗಟ್ಟಿಯಿದೆ. ಬು ಎಂತಿನ್ ಬುತ್ತಿ ಕಟ್ಟಿಕೊಟ್ಟಿದ್ದಾರೆ, ಇಬ್ಬರಿಗೆ. ನಿನ್ನೆಯದನ್ನು ನಾನೊಬ್ಬನೇ ತಿಂದೆ, ಇವತ್ತಿನದನ್ನು ಮುಟ್ಟಿಲ್ಲ.

ಮೂರನೆಯ ಬಸ್ಸು ಒಳಗೆ ಬರುತ್ತಿದೆ. ಮಣ್ಣು ಮೆತ್ತಿಕೊಂಡಿದೆ, ಮುಂದಿನ ಹಲಗೆಯ ಮೇಲಿನ ಊರು ಓದಲಾಗುತ್ತಿಲ್ಲ. ಬಾಗಿಲು ತೆರೆಯಿತು. ಒಬ್ಬ ಮುದುಕ ಇಳಿದ. ಮಗುವನ್ನು ಹೆಗಲಿಗೆ ಹಾಕಿಕೊಂಡ ಹೆಂಗಸು, ಅವಳ ಗಂಡ, ಚೀಲಗಳು. ಇಬ್ಬರು ಸಿಪಾಯಿಗಳು. ಬಹಳ ಹೊತ್ತು ಯಾರೂ ಇಲ್ಲ.

ನೀನು. ಕಾಲು ಜೋಮು ಹಿಡಿದಿದೆಯೋ ಏನೋ, ಕಂಬಿ ಹಿಡಿದು ನಿಂತು ಸುತ್ತ ನೋಡುತ್ತಿದ್ದೀಯ, ಇನ್ನೂ ನನ್ನನ್ನು ಕಂಡಿಲ್ಲ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ.